ನೀರು ಬರೆದವನಿಗೊಂದು ಆಯೇರಿ

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಾನು ನಪಾಸಾದ ವರ್ಷ, ಅಂದರೆ 2006ರಲ್ಲಿ, ಗಂಗಾವತಿಯ ಹೊಳಿಯಮ್ಮನ ವಿಡಿಯೋ ಗೇಮ್ ಅಂಗಡಿಯಲ್ಲಿ ಮೊದಲ ಬಾರಿಗೆ ಒಂದು ಆಟವನ್ನು ಕೊನೆಯವರೆಗೂ ಆಡಿ ಮುಗಿಸಿದೆ. ರಾಕ್ಷಸ ಸತ್ತ. ಪರದೆ ಕಪ್ಪಾಯಿತು. ಕೆಳಗಿನಿಂದ ಮೇಲಕ್ಕೆ ಇಂಗ್ಲಿಷ್ ಹೆಸರುಗಳು ಏರತೊಡಗಿದವು. ಸಾಲೆಯ ಗೋಡೆಗೆ ರಿಸಲ್ಟ್ ಹಚ್ಚುವಂತೆ ಇಲ್ಲಿಯೂ ಗೆದ್ದವರ ಪಟ್ಟಿ ಹಚ್ಚುತ್ತಾರೆಂದು ತಿಳಿದು, ಟಿವಿಗೆ ಮೂಗು ತಾಗಿಸಿ ಐದು ನಿಮಿಷ ‘ಸುಭಾಷ್’ ಹುಡುಕಿದೆ. ಸಿಗಲಿಲ್ಲ. ಇಲ್ಲಿಯೂ ನಪಾಸು.

‘ಏನ್ ಹುಡುಕಾಕತ್ತಿಯೋ?’ ಎಂದಳು ಹೊಳಿಯಮ್ಮ.

‘ನನ್ನ ಹೆಸರು, ಯಕ್ಕಾ.’

ಪಕ್ಕದ ಕುರ್ಚಿಯಲ್ಲಿದ್ದ ಕಾಲೇಜಿನ ವಿರುಪಣ್ಣ ನಕ್ಕುಬಿಟ್ಟ. ‘ಅವು ಆಟ ಮಾಡಿದೋರ ಹೆಸರಲೇ ಮಬ್ಬ. ಚಿತ್ರ ಬರದೋರು, ಹಾಡು ಕಟ್ಟಿದೋರು, ಎಲ್ಲಾರ್ದೂ.’

ಹೊಳಿಯಮ್ಮ ನಗಲಿಲ್ಲ. ‘ಇಷ್ಟು ಮಂದೀನ?’ ಎಂದವಳು ಎದ್ದು ನಿಂತಳು. ಕೊನೆಯ ಹೆಸರು ಹೋಗುವ ತನಕ ನಿಂತೇ ಇದ್ದಳು.

ಅವಳಿಗೆ ಓದು ಬಾರದು. ಇಪ್ಪತ್ತು ವರ್ಷ ಕಾಲುವೆಯ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿ, ಸೊಂಟ ಹಿಡಿದ ಮೇಲೆ ತಮ್ಮ ಓಬಳೆಪ್ಪ ಹಾಕಿ ಕೈಬಿಟ್ಟಿದ್ದ ಈ ಅಂಗಡಿಯಲ್ಲಿ ಬಂದು ಕುಳಿತವಳು. ನಾಲ್ಕು ಟಿವಿ, ಆರು ಪ್ಲಾಸ್ಟಿಕ್ ಕುರ್ಚಿ. ಅವಳು ಬಂದ ಮೊದಲ ದಿನ ಪರದೆಯಲ್ಲಿ ಒಬ್ಬ ನಾಯಕ ಹೊಳೆ ದಾಟುತ್ತಿದ್ದನಂತೆ. ಅವನ ನೆರಳು ನೀರಿನಲ್ಲಿ ಒಡೆದು ಮತ್ತೆ ಕೂಡಿತಂತೆ.

‘ಗದ್ದ್ಯಾಗ ಬಗ್ಗಿ ನಿಂತ್ರ ನನ್ನ ನೆರಳೂ ಹಂಗ ಒಡದು ಹಂಗ ಕೂಡತಿತ್ತು,’ ಎನ್ನುತ್ತಿದ್ದಳು. ‘ಇದನ್ನ ಬರದಾವ ಯಾವನರ ಇರ್ಲಿ, ನೀರಾಗ ನಿಂತಾವ ಅದಾನ.’

ಆ ಹೊಳೆಯನ್ನು ನಾನು ನೂರು ಸಲ ದಾಟಿದ್ದೆ. ಅಲ್ಲಿ ನೀರಿದೆ ಎಂದೇ ನನಗೆ ಗೊತ್ತಿರಲಿಲ್ಲ.

ಮರುವರ್ಷ ಇಂಟರ್‌ನೆಟ್ ಸೆಂಟರಿನಲ್ಲಿ ಒಂದು ಸುದ್ದಿ ಓದಿ, ದೊಡ್ಡ ಪಂಡಿತನಂತೆ ಅವಳಿಗೆ ವರದಿ ಒಪ್ಪಿಸಿದೆ. ಅಮೆರಿಕದಲ್ಲಿ ವರ್ಷಕ್ಕೊಮ್ಮೆ ಸಮಾರಂಭ ಮಾಡಿ ವಿಡಿಯೋ ಗೇಮಿನವರಿಗೆ ಪ್ರಶಸ್ತಿ ಕೊಡುತ್ತಾರೆ.

‘ಆಡಿದೋರಿಗೋ, ಮಾಡಿದೋರಿಗೋ?’

‘ಮಾಡಿದೋರಿಗೆ.’

‘ನೀರು ಬರದಾವಗೂ ಕೊಡ್ತಾರೇನು?’

‘ಚಿತ್ರಕ್ಕ ಬ್ಯಾರೇನ ಐತಿ.’

‘ಛಲೋ ಆತು. ನಾವೂ ಮಾಡೂಣು.’

ಆ ವರ್ಷದ ಆಯುಧ ಪೂಜೆಗೆ ಶುರುವಾಯಿತು. ಟಿವಿಗಳಿಗೆ ಚೆಂಡುಹೂವು, ಜಾಯ್‌ಸ್ಟಿಕ್‌ಗಳಿಗೆ ಕುಂಕುಮ. ವರ್ಷದ ಆಟ ಯಾವುದೆಂದು ಹೊಳಿಯಮ್ಮ ಒಬ್ಬಳೇ ತೀರ್ಮಾನಿಸುವಳು, ನೀರು ನೋಡಿ. ಬಂದೂಕಿನ ಆಟಗಳ ಪರವಾಗಿ ನಾವು ಎಷ್ಟು ಕೂಗಾಡಿದರೂ ಅಷ್ಟೆ. ಆಮೇಲೆ ಆಯೇರಿ. ನಮ್ಮ ಕಡೆ ಮದುವೆಯಲ್ಲಿ ಬೀಗರ ಹೆಸರು ಕೂಗಿ ಕೈಗಿಡುವ ಬಟ್ಟೆ ಅದು. ಆಟ ಯಾವ ದೇಶದ್ದೆಂದು ಡಬ್ಬಿಯ ಮೇಲೆ ನೋಡಿ, ವಿರುಪಣ್ಣ ಗಂಟಲು ಸರಿಮಾಡಿಕೊಂಡು ಕೂಗುವನು: ‘ಜಪಾನದಾಗ ನೀರು ಬರದವರಿಗೆ ಹೊಳಿಯಮ್ಮನವರ ಆಯೇರಿ, ಒಂದು ಟವೆಲು.’

ಯಾರೂ ಎದ್ದು ಬರುತ್ತಿರಲಿಲ್ಲ. ನಾವು ನಗುತ್ತಿದ್ದೆವು, ಎಲ್ಲರಿಗಿಂತ ಜೋರಾಗಿ ನಾನು. ಟವೆಲು ಟ್ರಂಕಿಗೆ ಹೋಗುತ್ತಿತ್ತು. ಆಯೇರಿಗೆಂದು ತೆಗೆದ ಬಟ್ಟೆಯನ್ನು ಮನೆಯವರು ಬಳಸಬಾರದೆಂಬುದು ಅವಳ ಹಟ. ಓಬಳೆಪ್ಪ ಒಮ್ಮೆ ಮುಖ ತೊಳೆದು ಬಂದು ಒಂದಕ್ಕೆ ಕೈ ಹಾಕಿದಾಗ, ‘ಮುಟ್ಟಬ್ಯಾಡ. ಅವ್ರು ಬಂದ್ರ ನಿನ್ನ ಮಾರಿ ಒರಸಿದ್ದನ್ನ ಕೊಡ್ಲೇನು?’ ಎಂದಿದ್ದಳು.

ನಾನು ಗಣಿತವನ್ನು ಮೂರನೆಯ ಸಲಕ್ಕೆ ದಾಟಿ, ಹೇಗೋ ಡಿಗ್ರಿ ಮುಗಿಸಿ ಕೊಪ್ಪಳದಲ್ಲಿ ಕೆಲಸಕ್ಕೆ ಸೇರಿದೆ. ಮನೆಯಲ್ಲಿ ‘ಗೇಮ್ ತಯಾರಿಕೆ’ ಎಂದು ಹೇಳಿಕೊಂಡಿದ್ದೆ. ಅಸಲಿಗೆ ಅದು ಹೊರದೇಶದ ಆಟಗಳಲ್ಲಿ ತಪ್ಪು ಹುಡುಕುವ ಆಫೀಸು; ದಿನವಿಡೀ ಆಟದ ನಾಯಕನನ್ನು ಗೋಡೆಗಳಿಗೆ ಹಾಯಿಸುವುದು, ಎಲ್ಲಿ ಗೋಡೆ ತೂರಿ ಬೀಳುತ್ತಾನೋ ಬರೆದಿಡುವುದು, ಇಷ್ಟೇ ಕೆಲಸ. ಒಂದು ದಿನ ಅವನು ಕೆರೆಗಿಳಿದ. ನೀರು ಅಲುಗಲಿಲ್ಲ, ನೆರಳು ಒಡೆಯಲಿಲ್ಲ. ಉಳಿದವರೆಲ್ಲ ಅದನ್ನು ದಾಟಿ ಹೋಗಿದ್ದರು. ನಾನು ಹೊಳಿಯಮ್ಮನ ಅಂಗಡಿಯಲ್ಲಿ ಓದಿದವನು. ತಪ್ಪು ಎಂದು ಬರೆದೆ. ಎಲ್ಲೋ ಯಾರೋ ಸರಿಪಡಿಸಿದರು. ಆಟ ಹೊರಬಂದಾಗ ಕೊನೆಯ ಪಟ್ಟಿಯ ಬಾಲದಲ್ಲಿ ನನ್ನ ಹೆಸರಿತ್ತು.

ಅಷ್ಟರಲ್ಲಿ ಮೊಬೈಲು ಬಂದು ಅಂಗಡಿಯ ಗಿರಾಕಿಗಳನ್ನೆಲ್ಲ ಕರೆದುಕೊಂಡು ಹೋಗಿತ್ತು. 2017ರಲ್ಲಿ, ಈಗ ಕನಕಗಿರಿಯಲ್ಲಿ ಮಾಸ್ತರನಾಗಿರುವ ವಿರುಪಣ್ಣ ಫೋನು ಮಾಡಿದ. ‘ಈ ಆಯುಧ ಪೂಜಿ ಆದಮ್ಯಾಲ ಯಕ್ಕ ಬಾಗಲಾ ಹಾಕ್ತಾಳಂತ. ಟ್ರಂಕಿನಾಗ ಹತ್ತು ಟವೆಲು ಹಂಗ ಅದಾವ. ಒಂದರ ಮಾಡಿದೋರ ಕೈ ಮುಟ್ಟಬೇಕಾಗಿತ್ತು ಅಂತ ಒಂದ ಸಮನ ಅನ್ನಾಕತ್ತಾಳ.’

ಪೂಜೆಯ ದಿನ ನಾನು ಹೋಗಿ, ನನ್ನ ಲ್ಯಾಪ್‌ಟಾಪನ್ನು ಅವಳ ಟಿವಿಗೆ ಜೋಡಿಸಿ ಆ ಕೊನೆಯ ಪಟ್ಟಿ ತೆರೆದೆ. ಹೊಳಿಯಮ್ಮ ಸೊಂಟಕ್ಕೆ ಕೈಕೊಟ್ಟು ಎದ್ದು ನಿಂತಳು. ಕನಕಗಿರಿಯಿಂದ ಬಂದಿದ್ದ ವಿರುಪಣ್ಣನೂ ಸೇರಿ ಅಂಗಡಿಯಲ್ಲಿದ್ದ ನಾವೆಲ್ಲರೂ ನಿಂತೆವು. ಹನ್ನೊಂದು ನಿಮಿಷ. ಯಾವ ಯಾವ ದೇಶದವೋ, ಹೆಸರುಗಳು ಏರುತ್ತಲೇ ಇದ್ದವು, ನಾಟಿ ಹಚ್ಚುವ ಹೆಂಗಸರ ಸಾಲು ಗದ್ದೆಯ ಆಚೆ ಬದುವಿನ ತನಕ ಕಂಡಂತೆ. ಒಂದು ಆಟಕ್ಕೆ ಇಷ್ಟು ಜನರ ಬೆನ್ನು ಬಾಗಿದೆಯೇ ಎಂದು ಮೈ ಜುಮ್ಮೆಂದಿತು. ಹನ್ನೊಂದು ವರ್ಷದ ಹಿಂದೆ ಅವಳಿಗೆ ಕಂಡದ್ದು ನನಗೆ ಅಂದು ಕಂಡಿತು. ಪಟ್ಟಿಯನ್ನು ತುದಿಯಲ್ಲಿ ನಿಲ್ಲಿಸಿ, ಒಂದು ಹೆಸರಿನ ಮೇಲೆ ಬೆರಳಿಟ್ಟೆ.

‘ಓದು,’ ಎಂದಳು ವಿರುಪಣ್ಣನಿಗೆ.

‘ಸುಭಾಷ್. ಇವನ.’

ಅವಳು ಟ್ರಂಕು ತೆರೆದು, ಎಲ್ಲಕ್ಕಿಂತ ಕೆಳಗಿದ್ದ ಟವೆಲು ಎಳೆದಳು. ಮೊದಲ ವರ್ಷದ್ದು, ಮಡಿಕೆಗಳಲ್ಲಿ ಹಳದಿಯಾಗಿತ್ತು. ನನ್ನ ಹಣೆಗೆ ಕುಂಕುಮ ಹಚ್ಚಿದಳು. ವಿರುಪಣ್ಣ ಗಂಟಲು ಸರಿಮಾಡಿಕೊಂಡು ನನ್ನ ಹೆಸರು ಕೂಗಿದ. ಕೇಳದೆ ಇರಲಾಗಲಿಲ್ಲ.

‘ಯಕ್ಕಾ, ನಾ ಬರೇ ಗ್ವಾಡಿಗೆ ಹಾಯ್ದಾವ. ಹತ್ತು ವರ್ಷ ನೀ ಹಾದಿ ಕಾದಿದ್ದು ನನ್ನಂಥಾವಗೇನು?’

‘ಅಲ್ಲ,’ ಎಂದಳು ಹೊಳಿಯಮ್ಮ. ‘ನೀರು ಬರದಾವಗ ಕಾದಿದ್ದೆ. ಅವ ಬರಲಿಲ್ಲ, ನೀ ಬಂದಿ. ತಲಿ ಬಗ್ಗಸು.’