ಆಯಿಯ ಸ್ಟೋ ಪರೀಕ್ಷೆ

ಪಕ್ಕದ ಮನೆಯ ಮುದುಕಿ ಆಯಿ ಅಂಜುಬುರುಕಿಯಾಗಿದ್ದಳೆಂದು ಇಳಕಲ್ಲಿನ ನಮ್ಮ ಓಣಿ ಇಂದಿಗೂ ಹೇಳುತ್ತದೆ. ನಾನು ಒಪ್ಪುವುದಿಲ್ಲ. ಅಂಜುವವಳು ಕಂಡವರ ಮನೆಯ ಸೀಮೆಎಣ್ಣೆಯ ಪಂಪ್ ಸ್ಟೋಗಳನ್ನು ಕರೆಯದಿದ್ದರೂ ಹೋಗಿ ಪರೀಕ್ಷಿಸುತ್ತಾಳೆಯೇ?

ಸೆರಗನ್ನು ಸೊಂಟಕ್ಕೆ ಸಿಗಿಸಿ, ಮನೆಯೊಳಗಿನ ಮಗ್ಗದ ರೇಷ್ಮೆಯಿಂದ ದೂರ, ಸ್ಟೋವನ್ನು ಅಂಗಳಕ್ಕೆ ತರುತ್ತಿದ್ದಳು. ಪಂಪು ಹೊಡೆದು, ಸಂದುಗಳಿಗೆಲ್ಲ ಸಾಬೂನಿನ ನೊರೆ ಬಳಿದು, "ತಡೀರಿ, ಅದು ಮಾತಾಡ್ಲಿ" ಎಂದು ಕೂರುತ್ತಿದ್ದಳು. ಗುಳ್ಳೆ ಎದ್ದರೆ, ಸೋರುವ ಸ್ಟೋ ಭುಗಿಲೆದ್ದೀತೆಂದು ಗಾಳಿ ಬಿಡಿಸಿ, ಕಡ್ಡಿಪೆಟ್ಟಿಗೆಯನ್ನು ತಾನೇ ಇಟ್ಟುಕೊಳ್ಳುತ್ತಿದ್ದಳು.

ಎದುರು ಮನೆಗೆ ಹೊಸ ಸೊಸೆ ಬಂದ ವಾರ, ಅವರ ಸ್ಟೋವಿನಲ್ಲಿ ದೊಡ್ಡ ಗುಳ್ಳೆಯೇ ಎದ್ದಿತು.

"ನೋಡ್ರಿ, ಮಾತಾಡ್ತು," ಎಂದಳು ಆಯಿ.

"ಎಲ್ಲಾರ ಮನ್ಯಾಗೂ ಇಷ್ಟು ಸೋರ್ತೈತಿ," ಎಂದ ಅತ್ತೆ ಸೊಸೆಯತ್ತ ತಿರುಗಿದಳು. "ನೀ ಹಚ್ಚು."

"ಹಂಗಾದ್ರ ಮೊದಲ ನೀನ ಹಚ್ಚವ್ವಾ," ಎಂದು ಆಯಿ ಅತ್ತೆಗೇ ಕಡ್ಡಿಪೆಟ್ಟಿಗೆ ಚಾಚಿದಳು.

ಅತ್ತೆ ಹೊಸ್ತಿಲಾಚೆ ಸರಿದು, ಹೊಸ ವಾಷರ್ ತರಲು ಮಗನನ್ನು ಪೇಟೆಗೆ ಅಟ್ಟಿದಳು. ಸೊಸೆ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು.

ಅಲ್ಲೇ ನಿಂತಿದ್ದ ನನ್ನನ್ನು ಕಾಲೇಜಿನ ಚರ್ಚಾಸ್ಪರ್ಧೆಯ ಚಟ ಸುಮ್ಮನಿರಗೊಡಲಿಲ್ಲ. ಅತ್ತೆಯನ್ನೇ ಕೇಳಿದೆ:

"ಸೊಸಿ ಹಚ್ಚಾಕ ನಡೀತಿದ್ದ ಸ್ಟೋ, ನೀವು ಹಚ್ಚಾಕ ಯಾಕ ನಡೀಲಿಲ್ರಿ, ಕಾಕು?"