ಒಬ್ಬಳೇ ಮಾಡಿದ ಜೋಡಿ

ತೊಂಬತ್ತೇಳನೇ ಇಸವಿ. ಹೆಮ್ಮಿಗೆ ಬಸವಯ್ಯನ ಮಗಳು ರಮ್ಯ ನರಸೀಪುರದ ಹೈಸ್ಕೂಲಿನಲ್ಲಿ ಹೊಲಿಗೆ ಬಿಟ್ಟು ಎಂಜಿನಿಯರಿಂಗ್ ವಿಷಯ ತೆಗೆದುಕೊಂಡಳು. ಐಟಿಐ ಓದಿ ನಂಜನಗೂಡು ಪಕ್ಕದ ತಾಂಡ್ಯದ ಫ್ಯಾಕ್ಟರಿ ಸೇರಬೇಕೆಂಬುದು ಅವಳ ಹಟ. ವರ್ಕ್‌ಶಾಪಿನಲ್ಲಿ ಅವಳೊಬ್ಬಳೇ ಹುಡುಗಿ. ಅವಳು ಅರ ಹಿಡಿದು ಕಬ್ಬಿಣ ಉಜ್ಜುತ್ತಿದ್ದರೆ ಅಕ್ಕಪಕ್ಕದಲ್ಲಿ ಯಾರೂ ನಿಲ್ಲುತ್ತಿರಲಿಲ್ಲ, ಮೈಲಿಗೆಯಾದೀತು ಎನ್ನುವ ಹಾಗೆ.

ಮಾತಾಡುತ್ತಿದ್ದವನು ಹೆಮ್ಮಿಗೆಯವನೇ ಆದ ಅಮೃತೇಶ ಒಬ್ಬ. ಸಂಜೆ ಬಸ್ಸು ನಿಲ್ಲುವ ಮೊದಲೇ ಅವಳ ಬ್ಯಾಗನ್ನು ಕಿಟಕಿಯಿಂದ ಒಳಗೆಸೆದು ಸೀಟು ಹಿಡಿಯುತ್ತಿದ್ದ. ತಾನು ಬಾಗಿಲಲ್ಲಿ ನೇತಾಡಿಕೊಂಡು ಬರುತ್ತಿದ್ದ.

ದಸರಾ ರಜೆಯಾದ ಮೇಲೆ ನಿಂಗರಾಜು ಮೇಷ್ಟ್ರು ಜೋಡಣೆಯ ಪಾಠ ಶುರುಮಾಡಿದರು. ಇಬ್ಬಿಬ್ಬರು ಸೇರಿ ಎರಡು ತುಂಡು ಮಾಡಬೇಕು. ಒಂದಕ್ಕೆ ಮೂಗು, ಇನ್ನೊಂದಕ್ಕೆ ಅದು ಕೂರುವ ಕಚ್ಚು. ಕಸುಬಿನಲ್ಲಿ ಮೂಗಿನದು ಮೇಲ್, ಕಚ್ಚಿನದು ಫೀಮೇಲ್. ಹುಡುಗರಿಗೆ ಅಷ್ಟು ಸಾಕಾಯಿತು. ಹಲ್ಲು ಕಿಸಿಯಲು ಅವರಿಗೆ ಕಾರಣ ಬೇರೆ ಬೇಕೆ?

"ರಮ್ಯನ್ ಜೊತೆ ನೀನ್ ಮಾಡ್ಲಾ," ಎಂದರು ಮೇಷ್ಟ್ರು, ಅಮೃತೇಶನಿಗೆ.

"ನಂಗ್ ಬ್ಯಾಡ ಸಾ," ಎಂದ ಅವನು, ನೆಲ ನೋಡುತ್ತ.

ಮೇಷ್ಟ್ರು ರಮ್ಯಳ ಕಡೆ ತಿರುಗಿದರು.

"ಜೋಡಿ ಇಲ್ದೆ ಮಾರ್ಕ್ಸ್ ಆಕಕ್ಕಾಗಲ್ಲ ಕಣವ್ವ. ಒಲ್ಗೆ ಕ್ಲಾಸಿಗೇ ಓಗ್ಬುಡು."

"ಎಲ್ಡೂ ನಾನೇ ಮಾಡ್ತೀನಿ ಸಾ."

ಮಾಡಿದಳು. ಬೆರಳು ಬೊಬ್ಬೆಯೆದ್ದರೂ ಬಿಡಲಿಲ್ಲ. ಮೇಷ್ಟ್ರು ಜೋಡಿಸಿ ಕಿಟಕಿಗೆ ಹಿಡಿದರು. ಸಂದಿನಲ್ಲಿ ಚೂರೂ ಬೆಳಕಿಲ್ಲ.

"ಚೆಂದಾಗದೆ. ಆದ್ರೆ ನಿನ್ ಕೈದು ನಿನ್ ಕೈದಕ್ಕೇ ಸೇರಾದು ಏನ್ ಮಹಾ? ಇನ್ನೊಬ್ರುದಕ್ಕೆ ಸೇರ್ಬೇಕು, ಅದೇ ಪರೀಕ್ಷೆ." ಎದುರಿಗಿದ್ದ ಅಮೃತೇಶನ ಮೂಗಿನ ತುಂಡನ್ನೇ ಎತ್ತಿಕೊಂಡು ಅವಳ ಕಚ್ಚಿಗೆ ಒತ್ತಿದರು.

ಅದು ಟಕ್ಕೆಂದು ಕೂತುಬಿಟ್ಟಿತು. ಅವನ ಜೊತೆಗಾರ ಶಿವಣ್ಣನ ಕಚ್ಚಿಗೆ ಲೊಡಲೊಡ ಎನ್ನುತ್ತಿದ್ದುದು ಇಲ್ಲಿ ಅಲುಗಲೇ ಇಲ್ಲ. "ಲೇ, ಜೋಡಿ ಸೇರ್ತು ಕಣ್ಲಾ," ಎಂದ ಯಾರೋ. ಇಡೀ ವರ್ಕ್‌ಶಾಪು ನಕ್ಕಿತು. ಅಮೃತೇಶ ಕಿವಿಯವರೆಗೂ ಕೆಂಪಾಗಿ ಸುತ್ತಿಗೆ ತೆಗೆದುಕೊಂಡ, ಕುಟ್ಟಿ ಕುಟ್ಟಿ ತನ್ನ ತುಂಡು ಬಿಡಿಸಿಕೊಂಡ. ಮೇಷ್ಟ್ರು ಮಾರ್ಕ್ಸ್ ಹಾಕಿದರು. ಹೊಲಿಗೆಯಿಂದ ಅವಳು ಪಾರಾದಳು.

ಅಂದು ಸಂಜೆ ಬಸ್ಸು ಬಂದಾಗ ರಮ್ಯ ರೂಢಿಯಂತೆ ಬ್ಯಾಗು ಚಾಚಿದಳು. ಅಮೃತೇಶ ಅದನ್ನು ನೋಡಿಯೂ ನೋಡದವನಂತೆ ಹತ್ತಿದ. ಹೆಮ್ಮಿಗೆಯವರೆಗೂ ಅವಳು ನಿಂತೇ ಬಂದಳು. ಮರುದಿನವೂ, ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ.

ಹಟ ಗೆದ್ದಿತು. ಎರಡು ಸಾವಿರದ ನಾಲ್ಕರಲ್ಲಿ ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು, ನಂಜನಗೂಡಿನಲ್ಲಿ ರೂಮು ಮಾಡಿದಳು. ಮಧ್ಯಾಹ್ನ ಬುತ್ತಿ ಬಿಚ್ಚಿ ಒಬ್ಬಳೇ ಉಣ್ಣುತ್ತಾಳೆ. ಅಲ್ಲಿ ಯಾರೂ ನಗುವುದಿಲ್ಲ, ಕರೆಯುವುದೂ ಇಲ್ಲ.

ಕಂಪನಿ ಬಸ್ಸಿನಲ್ಲಿ ನೂಕುನುಗ್ಗಲಿಲ್ಲ. ಸೀಟು ದಿನವೂ ಸಿಗುತ್ತದೆ. ಅವಳಿಗೆಂದು ಅದನ್ನು ಯಾರೂ ಹಿಡಿದಿರುವುದಿಲ್ಲ, ಅಷ್ಟೇ.