ಹುಳ ಹಣ್ಣಾದ ದಿನ ಬಂದ ಸೈಕಲ್ಲು

ಮೊನ್ನೆ ಮಾಗಡಿ ಪೇಟೆಗೆ ಹೋಗಿದ್ದ ಸೊಸೆ ನನ್ನ ಮಂಡಿನೋವಿಗೆ ಅಂತ ನೀಲಗಿರಿ ಎಣ್ಣೆಯ ಸೀಸೆ ತಂದಳು. ಮುಚ್ಚಳ ತಿರುಗಿಸಿದ್ದೇ ತಡ, ವಾಸನೆ ಮೂಗಿಗೆ ಹೊಡೆಯಿತು. ಅದನ್ನು ಆಚೆ ಇಡು ಅಂತ ಬೈದುಬಿಟ್ಟೆ. ಅವಳು ನನ್ನ ಮುಖ ನೋಡಿದಳು. ಅವಳು ಈ ಮನೆಗೆ ಬರುವ ಹೊತ್ತಿಗೆ ನಾವು ರೇಷ್ಮೆ ಹುಳ ಸಾಕುವುದನ್ನು ಬಿಟ್ಟಾಗಿತ್ತು, ಯಾಕೆ ಬೈದೆ ಅಂತ ಅವಳಿಗೆ ತಿಳಿಯಲಿಲ್ಲ. ನನಗೆ ಮಾತ್ರ ಪಕ್ಕದ ಮನೆಯ ನರ್ಸಮ್ಮ ಬಾಗಿಲಲ್ಲಿ ನಿಂತ ಹಾಗಾಯಿತು…

ನರ್ಸಮ್ಮನ ತವರು ಕನಕಪುರ. ಸರ್ಕಾರಿ ಕೆಲಸದ ಮೇಲೆ ನಮ್ಮೂರಿಗೆ ಬಂದವರು. ಗಂಡ ಇರಲಿಲ್ಲ, ಯಾಕಿಲ್ಲ ಅಂತ ನಾನು ಕೇಳಲಿಲ್ಲ. ಮಾಗಡಿ ಹತ್ತಿರದ ಕಲ್ಯದ ಸುತ್ತಿನ ಹಳ್ಳಿಗಳನ್ನೆಲ್ಲ ನಡೆದೇ ಸುತ್ತಿ ಬಸುರಿಯರನ್ನು ನೋಡಿದರು, ಕೂಸುಗಳಿಗೆ ಸೂಜಿ ಹಾಕಿದರು. ರಿಟೈರ್ ಆದ ಮೇಲೂ ಊರು ಬಿಡಲಿಲ್ಲ. ಕಿಡ್ನಿ ಕೆಟ್ಟವರನ್ನು ಡಯಾಲಿಸಿಸ್‌ಗೆ ಅಂತ ಬೆಂಗಳೂರು ಬಸ್ಸಿಗೆ ಹತ್ತಿಸಿ ಹತ್ತಿಸಿ ಅವರಿಗೆ ಸಾಕಾಗಿತ್ತು. ಸಾಯಂಕಾಲ ವಾಪಸು ಬಂದವರು ಬಸ್ಸಿನ ಮೆಟ್ಟಿಲು ಇಳಿಯಲಾರದೆ ಅಲ್ಲೇ ಕೂತುಬಿಡುತ್ತಿದ್ದರು.

ಅಂಥವರಿಗೆ ಹತ್ತಿರದಲ್ಲೇ ಒಂದು ಯಂತ್ರ ಹಾಕಿಸಬೇಕು ಅಂತ ಮಾಗಡಿ ಕಡೆಯ ಕೆಲವರು ಸೇರಿ ಸೈಕಲ್ ಯಾತ್ರೆ ಹೊರಡಿಸಿದರು. ಕನಕಪುರದಿಂದ ರಾಮನಗರ, ಅಲ್ಲಿಂದ ಚನ್ನಪಟ್ಟಣ, ತಿರುಗಿ ರಾಮನಗರಕ್ಕೆ ಬಂದು ಮಾಗಡಿ. ಎಲ್ಲ ಒಂದೇ ದಿನ. ಸೈಕಲ್ ತುಳಿಯುವವರು ಅವರವರ ಊರಲ್ಲಿ ಯಂತ್ರಕ್ಕೆ ಸಹಾಯ ಕೇಳಬೇಕು. ನರ್ಸಮ್ಮ ಹೋಗಿ ಹೆಸರು ಕೊಟ್ಟು ಬಂದರು. ಕೊಟ್ಟು ಬಂದ ಮೇಲೆ ನನ್ನ ಹತ್ತಿರ ಕೂತು, ಸೈಕಲ್ ತುಳಿಯೋದು ಹೆಂಗೆ ಅಕ್ಕ ಅಂದರು.

ನನಗೆ ಬರುತ್ತಿತ್ತು. ಗಂಡ ಹೋದ ಮೇಲೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹೊತ್ತು ಕತ್ತು ಹಿಡಿದುಕೊಂಡು, ಅವನ ಸೈಕಲ್ಲನ್ನೇ ಕಲಿತಿದ್ದೆ. ಊರು ಸ್ವಲ್ಪ ದಿನ ಆಡಿಕೊಂಡಿತು, ಆಮೇಲೆ ಸುಮ್ಮನಾಯಿತು. ನರ್ಸಮ್ಮ ಹಳೇ ಲೇಡೀಸ್ ಸೈಕಲ್ ಒಂದನ್ನು ಎಲ್ಲಿಂದಲೋ ತಂದರು. ಬೆಳಿಗ್ಗೆ ಡೇರಿಗೆ ಹಾಲು ಹಾಕಿದ ಮೇಲೆ ಆ ರಸ್ತೆಯಲ್ಲೇ ಕಲಿಸಿದೆ. ಊರಿಗೆಲ್ಲ ಸೂಜಿ ಚುಚ್ಚಿದ ಕೈಗೆ ಹ್ಯಾಂಡಲ್ ನೆಟ್ಟಗೆ ಹಿಡಿಯಲು ಬರುತ್ತಿರಲಿಲ್ಲ. ಹೆಜ್ಜೆಗೊಂದು ಸಲ ಹಿಂದೆ ತಿರುಗಿ ನೋಡುವುದು ಬೇರೆ.

"ಬುಟ್ಬುಟ್ರಾ ಅಕ್ಕ?"

"ಇಲ್ಲ ಕಣ್ರಮ್ಮ, ಹಿಡ್ಕಂಡೇ ಇವ್ನಿ. ಮುಂದ್ಕೆ ನೋಡಿ."

ಅಷ್ಟು ಹೊತ್ತಿಗೆ ಬಿಟ್ಟೇ ಇರುತ್ತಿದ್ದೆ. ಅವರು ತಿರುಗುವುದು, ನಾನು ದೂರ ನಿಂತಿರುವುದನ್ನು ನೋಡುವುದು, ಬೇಲಿಗೆ ಬೀಳುವುದು. ಡೇರಿ ಜಗಲಿಯ ಗಂಡಸರಿಗೆ ಅದೇ ತಮಾಷೆ. ಒಬ್ಬ, "ನರ್ಸಮ್ಮ, ಇವತ್ತು ಸೂಜಿ ನಾವ್ ಹಾಕ್ಬೇಕಾ ಎಂಗೆ?" ಅಂದ. ಅವರು ಮುಳ್ಳು ಕಿತ್ತುಕೊಳ್ಳುತ್ತಾ, "ನಿನ್ ಸರದಿ ಬತ್ತದೆ, ಇರಪ್ಪ" ಅಂದರು. ನಕ್ಕವರೇ ಆಮೇಲೆ ಯಂತ್ರಕ್ಕೆ ಅಂತ ಕೈಲಾದದ್ದು ಕೊಟ್ಟರು. ದುಡ್ಡಿಲ್ಲದವರು ರಾಗಿ ಅಳೆದರು.

ಕನಕಪುರದ ತಮ್ಮನ ಮನೆಗೆ ಹೊರಡುವ ದಿನ ಅವರು ನನ್ನಿಂದ ಒಂದು ಮಾತು ತೆಗೆದುಕೊಂಡರು. "ಮಾಗ್ಡೀಲಿ ಕೋಟೆ ಹತ್ರ ಮುಗಿಯೋದಂತೆ. ಅಲ್ಲಿ ನೀವು ನಿಂತಿರ್ಬೇಕು ಅಕ್ಕ. ಇನ್ಯಾರ್ ಬರ್ದಿದ್ರೂ ಚಿಂತಿಲ್ಲ." ಬತ್ತೀನಿ ಅಂದೆ. ಸೀರೆ ಕೂಡ ಒಗೆದು ಮಡಿಸಿಟ್ಟಿದ್ದೆ.

ಹುಳ ಇನ್ನೂ ಒಂದು ದಿನ ಸೊಪ್ಪು ತಿನ್ನಬೇಕಿತ್ತು. ಸೆಕೆ ಜಾಸ್ತಿಯಾಗಿ ಯಾತ್ರೆಯ ದಿನ ಬೆಳಿಗ್ಗೆಯೇ ಹಣ್ಣಾಗಿಬಿಟ್ಟವು. ಹಣ್ಣಾದ ಹುಳ ಸೊಪ್ಪು ಮುಟ್ಟುವುದಿಲ್ಲ, ತಲೆಯೆತ್ತಿ ಆಡಿಸುತ್ತಾ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗಲೇ ಆರಿಸಿ ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡಬೇಕು. ಇಲ್ಲವಾದರೆ ಕಸದಲ್ಲೇ ನೂಲು ಕಕ್ಕಿ ಹಾಳಾಗುತ್ತವೆ. ಯಾರ ಮನೆಯಲ್ಲಿ ಹುಳ ಹಣ್ಣಾದರೂ ಸುತ್ತಲಿನವರು ಬಂದು ಕೂಲಿಯಿಲ್ಲದೆ ಆರಿಸಿಕೊಡುವುದು ನಮ್ಮೂರ ಪದ್ಧತಿ. ಊರೇ ಬಂದು ನಮ್ಮ ಮನೆಯಲ್ಲಿ ಕೂತಿತ್ತು. ನಾನು ಎಲ್ಲಿಗೆ ಏಳಲಿ? ನೀರಿನ ಕ್ಯಾನು ಹಾಕಿಕೊಂಡು ಸೈಕಲ್ಲುಗಳ ಹಿಂದೆ ಹೋಗಿದ್ದವನು ನಮ್ಮೂರ ಟೆಂಪೋದವನೇ. ಅವನಿಗೆ ಫೋನ್ ಮಾಡಿಸಿದೆ. ಎತ್ತಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಂಗಳದಲ್ಲಿ ಬೆಲ್ಲಿನ ಸದ್ದಾಯಿತು. ಬಾಗಿಲಲ್ಲಿ ನರ್ಸಮ್ಮ. ಮುಖ ಸುಟ್ಟ ಬದನೆಕಾಯಿ ಆಗಿತ್ತು. ಕೈಯಲ್ಲಿ ಏನೋ ಹಿಡಿದಿದ್ದರು. ಕಾಲಿಗೆಲ್ಲ ನೀಲಗಿರಿ ಎಣ್ಣೆ ಬಳಿದುಕೊಂಡಿದ್ದರು, ಅವರಿಗಿಂತ ಮೊದಲು ವಾಸನೆಯೇ ಒಳಗೆ ಬಂತು. ಹುಳದ ಮನೆಗೆ ಅಂಥ ಘಾಟು ಆಗುವುದಿಲ್ಲ. ಊದುಬತ್ತಿಯನ್ನೂ ನಾವು ಹಚ್ಚುತ್ತಿರಲಿಲ್ಲ.

"ನರ್ಸಮ್ಮ, ಒಳಿಕ್ ಬರಬ್ಯಾಡಿ. ವಾಸ್ನೆಗೆ ಹುಳ ಕೆಡ್ತವೆ" ಅಂದೆ.

"ಅಯ್ಯೋ, ಮರ್ತೇಬುಟ್ಟಿದ್ದೆ ಕಣಕ್ಕ" ಅಂದವರು ಹಾಗೇ ಹಿಂದಕ್ಕೆ ಸರಿದರು. ಕೈಯಲ್ಲಿದ್ದದ್ದನ್ನು ಸೈಕಲ್ಲಿನ ಹ್ಯಾಂಡಲ್‌ಗೆ ಸಿಕ್ಕಿಸಿ, ಸೈಕಲ್ಲನ್ನು ಅಲ್ಲೇ ಬಿಟ್ಟು ಮನೆಗೆ ಹೋದರು. ಸೀಗೆಪುಡಿ ಹಾಕಿ ಉಜ್ಜಿ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ವಾಪಸು ಬಂದರು. ಮಂಡಿ ಮಡಿಸಲು ಆಗುತ್ತಿರಲಿಲ್ಲ. ಸೊಪ್ಪು ತುಂಬುವ ಮಂಕರಿ ಬೋರಲು ಹಾಕಿ ಅದರ ಮೇಲೆ ಕೂತು, ಕಾಲು ಚಾಚಿಕೊಂಡು ಎಲ್ಲರ ಜೊತೆ ಹುಳ ಆರಿಸಿದರು. ನಾವು ಸೊಪ್ಪಿನ ಮಾತಾಡಿದೆವು, ಸೆಕೆಯ ಮಾತಾಡಿದೆವು. ನಾನು ಕೇಳಲಿಲ್ಲ. ಯಾತ್ರೆಯ ಸುದ್ದಿ ಅವರೂ ಎತ್ತಲಿಲ್ಲ.

ಬೆಳಿಗ್ಗೆ ನೋಡಿದರೆ ಹ್ಯಾಂಡಲ್‌ನಲ್ಲಿ ಬರೀ ನಾರು ನೇತಾಡುತ್ತಿತ್ತು. ಮಲ್ಲಿಗೆ ಹಾರ, ನಮ್ಮ ಮೇಕೆ ತಿಂದು ಮುಗಿಸಿತ್ತು. ಮೇಕೆಗೆ ಒಂದು ಏಟು ಬಿಟ್ಟು ನನ್ನ ಕೆಲಸಕ್ಕೆ ಹೋದೆ. ಆಮೇಲೆ ಗೂಡು ಬಿಡಿಸುವುದು, ರಾಮನಗರದ ಮಾರ್ಕೆಟ್ಟಿಗೆ ಸಾಗಿಸುವುದು… ದಿನ ಹೋದವು.

ಮುಂದಿನ ವರ್ಷ ನರ್ಸಮ್ಮ ತಮ್ಮನ ಮನೆಗೆ ಹೋದರು, ಮೈಯಲ್ಲಿ ಸುಖವಿಲ್ಲ ಅಂತ. ಅಲ್ಲೇ ಸತ್ತರು. ನಾವು ಊರವರೆಲ್ಲ ಟೆಂಪೋದಲ್ಲಿ ಮಣ್ಣಿಗೆ ಹೋಗಿ ಬಂದೆವು. ಬರುವಾಗ ನಾನು ಮುಂದಿನ ಸೀಟಿನಲ್ಲಿದ್ದೆ. ಟೆಂಪೋದವನು ತಾನಾಗಿಯೇ ಶುರು ಮಾಡಿದ.

ಅವತ್ತು ರಾಮನಗರದಲ್ಲಿ ಎಲ್ಲರೂ ಕೂತು ತಿಂಡಿ ತಿಂದರೆ ನರ್ಸಮ್ಮ ನಿಂತುಕೊಂಡೇ ಇಡ್ಲಿ ತಿಂದರಂತೆ, ಕೂತರೆ ಏಳಲಾರೆ ಅಂತ. ಚನ್ನಪಟ್ಟಣ ಮುಟ್ಟಿ ತಿರುಗುವಾಗಲೇ ಹಿಂದೆ ಬಿದ್ದಿದ್ದರು. ಮಾಗಡಿ ರಸ್ತೆಯ ಏರಿನಲ್ಲಿ ಇಳಿದು ತಳ್ಳಿದರು. ಸೈಕಲ್ಲನ್ನು ಟೆಂಪೋಗೆ ಹಾಕಿ ಅಂತ ಯಾತ್ರೆಯವರು ಹೇಳಿದರೂ ಕೇಳಲಿಲ್ಲ. ಅವರು ಕೋಟೆ ಮುಟ್ಟಿದಾಗ ಶಾಮಿಯಾನ ಬಿಚ್ಚುತ್ತಿದ್ದರು. ಉಳಿದಿದ್ದ ನಾಲ್ಕಾರು ಜನ ಚಪ್ಪಾಳೆ ತಟ್ಟಿ ಹಾರ ಹಾಕಲು ಹೋದರೆ ಕತ್ತು ಕೊಡದೆ ಕೈಯಲ್ಲಿ ಇಸಿದುಕೊಂಡರಂತೆ.

"ಸುತ್ತ ನೋಡುದ್ರು ಕಣಮ್ಮ. ಇನ್ನೊಂದ್ ಕಿತ ನೋಡುದ್ರು. ಕಲ್ಸಿದೋರ್ಗೆ ಹಾಕ್ಬೇಕು ಇದು, ನಾನೇ ತಕಂಡೋಯ್ತೀನಿ ಅಂದ್ರು. ಟೆಂಪೋ ಹತ್ತಿ ಅಂದ್ರೂ ಹತ್ನಿಲ್ಲ, ಮಾಗಡಿಯಿಂದ ಊರ್ಗಂಟ ಅದ್ನೂ ತುಳ್ಕಂಡೇ ಬಂದ್ರು." ಗೇರು ಬದಲಾಯಿಸಿ, "ಹಾಕುದ್ರಲ್ವಾ?" ಅಂದ.

ಹ್ಞೂಂ ಅಂದೆ.

ಇವತ್ತು ಹುಳ ಹಣ್ಣಾದರೂ ನಾನು ಬಿಟ್ಟು ಹೋಗುವವಳಲ್ಲ, ಅದು ಬೇರೆ ಮಾತು. ಆ ಸಲ ಗೂಡೂ ಚೆನ್ನಾಗಿಯೇ ಬಂತು. ಆದರೆ ಹೊಸಿಲ ಮೇಲೆ ನಿಲ್ಲಿಸಿಯೇ ಕೋಟೆ ಮುಟ್ಟಿದ್ರಾ ಅಂತ ಒಂದು ಮಾತು ಕೇಳಿದ್ದರೆ ಯಾವ ಹುಳವೂ ಸಾಯುತ್ತಿರಲಿಲ್ಲ.

ಡಯಾಲಿಸಿಸ್ ಯಂತ್ರ ಮಾಗಡಿಗೇ ಬಂದಿದೆ. ನಮ್ಮೂರವರು ಅಲ್ಲಿಗೇ ಹೋಗಿ ಬರುತ್ತಾರೆ. ನಮ್ಮ ಹುಳದ ಕೋಣೆಯಲ್ಲಿ ಈಗ ಸೊಸೆ ಗೊಬ್ಬರದ ಚೀಲ ಪೇರಿಸಿದ್ದಾಳೆ. ಆಚೆ ಇಟ್ಟಿದ್ದ ಸೀಸೆಯನ್ನು ನಾನೇ ಎದ್ದು ತಂದು ಮಂಡಿಗೆ ಹಚ್ಚಿಕೊಂಡೆ. ಮನೆಯೆಲ್ಲ ವಾಸನೆ ಆಯಿತು. ಆಗಲಿ. ಈ ವಾಸನೆಗೆ ಕೆಡುವಂಥದ್ದು ಒಳಗೆ ಈಗ ಏನೂ ಇಲ್ಲ.